ವಿದೇಶಿ ಸೊಸೆಗೆ ಊರು ಒಗ್ಗುವ ಬಗೆ

ಪ್ರಶ್ನೆ: ನನ್ನ ಮಗ ಪೋಲೆಂಡಿನ ವ್ರೊಟ್ಸ್ವಾಫ್ ನಗರದಲ್ಲಿ ಓದುತ್ತಿದ್ದಾಗ ಅಲ್ಲಿನ ಹುಡುಗಿಯನ್ನು ಮೆಚ್ಚಿ, ಹೋದ ವರ್ಷ ಅಲ್ಲಿಯೇ ನೋಂದಣಿ ಮದುವೆಯಾದ. ಈಗ ಇಬ್ಬರೂ ದಾವಣಗೆರೆಗೆ ಬಂದು, ಎಂ.ಸಿ.ಸಿ. ಬ್ಲಾಕಿನ ನಮ್ಮ ಮನೆಯ ಮೇಲ್ಮಹಡಿಯಲ್ಲಿ ನೆಲೆಸಲು ತೀರ್ಮಾನಿಸಿದ್ದಾರೆ. ನವೆಂಬರ್ ಕೊನೆಗೆ ಬರುತ್ತಾರೆ. ನಮ್ಮದು ಸಸ್ಯಾಹಾರಿ ಮನೆ. ಅವಳಿಗೆ ಯಾವ ಕಷ್ಟವೂ ಆಗದಂತೆ ನೋಡಿಕೊಳ್ಳಬೇಕೆಂದು ನಮ್ಮ ಆಸೆ. ಕಾಗದಪತ್ರಗಳು ಏನೇನು ಬೇಕು? ಊಟಕ್ಕೆ ಏನು ಮಾಡುವುದು? ಒಬ್ಬಳನ್ನೇ ಹೊರಗೆ ಕಳುಹಿಸಬಹುದೇ? ಬಂದ ಮೂರನೆಯ ದಿನವೇ ಆರತಕ್ಷತೆ ಇಟ್ಟುಕೊಂಡರೆ ಹೇಗೆ? – ಒಬ್ಬ ತಾಯಿ, ದಾವಣಗೆರೆ

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ತುಂಬ ಇಷ್ಟವಾದದ್ದೂ, ಸ್ವಲ್ಪ ಆತಂಕ ತಂದದ್ದೂ ಒಂದೇ ವಾಕ್ಯ: ‘ಯಾವ ಕಷ್ಟವೂ ಆಗದಂತೆ ನೋಡಿಕೊಳ್ಳಬೇಕು’. ಹೊರದೇಶದಿಂದ ನಮ್ಮ ಕಡೆಗೆ ಓದಲು, ದುಡಿಯಲು, ಮದುವೆಯಾಗಿ ಬಂದವರಿಗೆ ನೆಲೆ ನಿಲ್ಲಲು ನೆರವಾಗುವುದೇ ನನ್ನ ಕೆಲಸ. ಊರು ಒಗ್ಗದೆ ತಿರುಗಿ ಹೋದವರಲ್ಲಿ ಹಲವರು ಒಳ್ಳೆಯ, ಪ್ರೀತಿ ತುಂಬಿದ ಮನೆಗಳಿಗೆ ಬಂದವರು. ಅಲ್ಲಿ ಅವರಿಗೆ ಕೇಳುವ ಮೊದಲೇ ಎಲ್ಲವೂ ಸಿಗುತ್ತಿತ್ತು. ತರಕಾರಿಯನ್ನು ಮಾವ ತರುತ್ತಿದ್ದರು, ಅಂಗಡಿಯಲ್ಲಿ ಗಂಡ ಮಾತನಾಡುತ್ತಿದ್ದ, ಆಟೋವನ್ನು ಮೈದುನ ಕರೆಯುತ್ತಿದ್ದ. ಆರು ತಿಂಗಳು ಕಳೆದರೂ ಒಂದು ಸೋಪು ಬೇಕಾದರೆ ಇನ್ನೊಬ್ಬರ ಮುಖ ನೋಡಬೇಕು. ಪ್ರಾಯಕ್ಕೆ ಬಂದ, ತನ್ನ ಊರಿನಲ್ಲಿ ತಾನೇ ದುಡಿದು ಬಾಡಿಗೆ ಕಟ್ಟಿ ಬದುಕಿದ ಹೆಣ್ಣುಮಗಳಿಗೆ ಇದು ಒಳಗೊಳಗೇ ಕೊರೆಯುವ ನೋವು. ಆದ್ದರಿಂದ ಕಾಗದಪತ್ರದ ಕಷ್ಟವನ್ನು ನೀವೇ ಪೂರ್ತಿಯಾಗಿ ಹೊತ್ತುಕೊಳ್ಳಿ. ದಿನನಿತ್ಯದ ಸಣ್ಣ ಕಷ್ಟಗಳನ್ನು ಅವಳಿಂದ ಕಸಿದುಕೊಳ್ಳಬೇಡಿ.

ಮೊದಲು ಕಾಗದಪತ್ರ. ಅವಳು ಪ್ರವಾಸಿ ಇ-ವೀಸಾದಲ್ಲಿ ಬಂದು ‘ಆಮೇಲೆ ನೋಡೋಣ’ ಎನ್ನುವ ಯೋಚನೆ ಮನೆಯಲ್ಲಿ ಯಾರಿಗಾದರೂ ಇದ್ದರೆ ಈಗಲೇ ಕೈಬಿಡಿ. ಭಾರತೀಯನ ಪತ್ನಿಯಾಗಿ ನೆಲೆಸಲು ಬರುವವರಿಗೆ ಎಂಟ್ರಿ ವೀಸಾ ಇದೆ. ಎಕ್ಸ್ ವೀಸಾ ಎನ್ನುವುದೂ ಅದನ್ನೇ. ಅಲ್ಲಿರುವಾಗಲೇ ಅದಕ್ಕೆ ಅರ್ಜಿ ಹಾಕಲಿ. ಮದುವೆಯ ಪ್ರಮಾಣಪತ್ರಕ್ಕೆ ಪೋಲೆಂಡಿನಲ್ಲಿಯೇ ಅಪೊಸ್ಟಿಲ್ ಮುದ್ರೆ, ಅಂದರೆ ದಾಖಲೆ ಅಸಲಿಯೆಂದು ಬೇರೆ ದೇಶದವರೂ ಒಪ್ಪುವ ಸರ್ಕಾರಿ ಮುದ್ರೆ, ಹಾಕಿಸಿಕೊಂಡು, ಇಂಗ್ಲಿಷ್ ಅನುವಾದದೊಂದಿಗೆ ತರಲಿ. ಎರಡೂ ದೇಶಗಳು ಈ ಮುದ್ರೆಯ ಅಂತರರಾಷ್ಟ್ರೀಯ ಒಪ್ಪಂದದಲ್ಲಿರುವುದರಿಂದ ಅದೊಂದು ಮುದ್ರೆ ಇಲ್ಲಿ ಸಾಕು. ಅದಿಲ್ಲದೆ ಬಂದರೆ ಇಲ್ಲಿಂದ ಅಲ್ಲಿಗೆ ಕಾಗದ ಕಳುಹಿಸಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.

ಅವಳು ನಿಮ್ಮ ಮನೆಗೆ ಕಾಲಿಟ್ಟ 24 ಗಂಟೆಗಳೊಳಗೆ ಮನೆಯ ಯಜಮಾನರು, ವಿದೇಶಿಯರು ತಮ್ಮಲ್ಲಿ ತಂಗಿದ್ದಾರೆಂದು ತಿಳಿಸುವ, ಸಿ-ಫಾರಂ ಎಂದೇ ಎಲ್ಲರೂ ಕರೆಯುವ ಮಾಹಿತಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಇದು ಹೋಟೆಲುಗಳಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಖಾಸಗಿ ಮನೆಗೂ ಅನ್ವಯಿಸುತ್ತದೆ, ಸೊಸೆಯಾದರೂ ಅನ್ವಯಿಸುತ್ತದೆ. 2025ರ ಸೆಪ್ಟೆಂಬರ್ 1ರಿಂದ ಹಳೆಯ ವಿದೇಶಿಯರ ಕಾಯಿದೆಗಳ ಜಾಗದಲ್ಲಿ ಹೊಸ ವಲಸೆ ಮತ್ತು ವಿದೇಶಿಯರ ಕಾಯಿದೆ ಜಾರಿಗೆ ಬಂದಿದೆ. ಈ ಹೊಣೆ ಅದರಲ್ಲೂ ಮುಂದುವರಿದಿದೆ. ಎರಡನೆಯದು ನೋಂದಣಿ. ವೀಸಾ 180 ದಿನಗಳಿಗಿಂತ ಹೆಚ್ಚಿನದಾಗಿದ್ದರೆ, ಭಾರತಕ್ಕೆ ಬಂದ 14 ದಿನಗಳೊಳಗೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯ (ಎಫ್‌ಆರ್‌ಆರ್‌ಒ) ಇ-ಎಫ್‌ಆರ್‌ಆರ್‌ಒ ಜಾಲತಾಣದಲ್ಲಿ ಅವಳು ನೋಂದಾಯಿಸಿಕೊಳ್ಳಬೇಕು. ಕರ್ನಾಟಕಕ್ಕೆ ಬೆಂಗಳೂರಿನಲ್ಲಿ ಆ ಕಚೇರಿಯಿದೆ. ಜಿಲ್ಲೆಯಲ್ಲಿ ಇದರ ಹೊಣೆ ಪೊಲೀಸ್ ವರಿಷ್ಠಾಧಿಕಾರಿಗಳದ್ದು. ಪರಿಶೀಲನೆಗೆ ಪೊಲೀಸರು ಮನೆಗೆ ಬಂದರೆ ಗಾಬರಿ ಬೇಡ. ಆದರೆ ಅವರು ಬರಬಹುದು ಎಂಬುದನ್ನು ಸೊಸೆಗೆ ಮುಂಚೆಯೇ ಹೇಳಿರಿ. ಯಾರೂ ಹೇಳದಿದ್ದರೆ, ಬಾಗಿಲಲ್ಲಿ ಖಾಕಿ ಕಂಡಾಗ ತಾನೇನೋ ತಪ್ಪು ಮಾಡಿದೆನೆಂದು ಅವಳು ಹೆದರುತ್ತಾಳೆ.

ಹೆಸರಿನ ವಿಷಯದಲ್ಲಿ ಒಂದು ಎಚ್ಚರಿಕೆ. ಪೋಲಿಷ್ ಲಿಪಿಯಲ್ಲಿ ಅಕ್ಷರಗಳ ಮೇಲೆ, ಕೆಳಗೆ, ನಡುವೆ ಗೆರೆ ಚುಕ್ಕೆಗಳಿರುತ್ತವೆ. ನಮ್ಮ ಕಂಪ್ಯೂಟರುಗಳು ಅವನ್ನು ಒಪ್ಪುವುದಿಲ್ಲ. ಒಂದು ಕಚೇರಿ ಒಂದು ರೀತಿ, ಇನ್ನೊಂದು ಕಚೇರಿ ಇನ್ನೊಂದು ರೀತಿ ಬರೆದುಬಿಟ್ಟರೆ ಮುಂದೆ ಪ್ರತಿಯೊಂದು ದಾಖಲೆಯೂ ಜಗಳಕ್ಕೆ ನಿಲ್ಲುತ್ತದೆ. ಪಾಸ್‌ಪೋರ್ಟಿನ ಫೋಟೊ ಪುಟದ ತಳದಲ್ಲಿ ಯಂತ್ರ ಓದುವ ಎರಡು ಸಾಲುಗಳಿವೆಯಲ್ಲ, ಅಲ್ಲಿ ಹೆಸರು ಹೇಗಿದೆಯೋ ಹಾಗೆಯೇ ಎಲ್ಲ ಕಡೆ ಬರೆಸಿ. ಪ್ರೀತಿಯಿಂದ ಹೊಸ ಹೆಸರಿಟ್ಟು ಕರೆಯುವುದಾದರೂ ಅದು ಮನೆಯೊಳಗಿರಲಿ, ಅದೂ ಅವಳು ಒಪ್ಪಿದರೆ ಮಾತ್ರ.

ಮದುವೆ ನೋಂದಣಿಯಾಗಿ ನಿರಂತರವಾಗಿ ಎರಡು ವರ್ಷ ತುಂಬಿದ ಮೇಲೆ ಅವಳು ಸಾಗರೋತ್ತರ ಭಾರತೀಯ ನಾಗರಿಕತ್ವದ, ಅಂದರೆ ಒಸಿಐ ಕಾರ್ಡಿಗೆ ಅರ್ಜಿ ಹಾಕಬಹುದು. ಅದು ಬಂದರೆ ವೀಸಾ ನವೀಕರಣದ ಚಿಂತೆ ತೀರುತ್ತದೆ, ಸಾಮಾನ್ಯ ಉದ್ಯೋಗಗಳಿಗೂ ದಾರಿ ತೆರೆಯುತ್ತದೆ. ಮತದಾನದ ಹಕ್ಕು ಸಿಗುವುದಿಲ್ಲ, ಹೊಲ ತೋಟ ಕೊಳ್ಳುವಂತಿಲ್ಲ. ಅಲ್ಲಿಯವರೆಗೆ ಸಂಬಳದ ಕೆಲಸಕ್ಕೆ ಸೇರುವ ಮೊದಲು ಎಫ್‌ಆರ್‌ಆರ್‌ಒ ಅನುಮತಿ ಕೇಳಬೇಕು. ಪರಿಚಯದವರ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡಲಿ ಎಂದು ಯಾರಾದರೂ ಕರೆದರೂ ಇದೇ ನಿಯಮ. ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿದ್ದರೆ ಆಧಾರ್ ಪಡೆಯಬಹುದು. ಅದು ಬರುವವರೆಗೆ ಬ್ಯಾಂಕ್ ಖಾತೆ, ಸಿಮ್ ಎಲ್ಲಕ್ಕೂ ಪಾಸ್‌ಪೋರ್ಟ್ ಮತ್ತು ವೀಸಾ ಹಿಡಿದುಕೊಂಡೇ ಓಡಾಡಬೇಕು.

ಇನ್ನು ನಿಜವಾದ ಜೀವನಕ್ಕೆ ಬರೋಣ. ನೀವು ಕೇಳಿದಿರಿ, ಒಬ್ಬಳನ್ನೇ ಹೊರಗೆ ಕಳುಹಿಸಬಹುದೇ ಎಂದು. ಕಳುಹಿಸಬೇಕು. ಮೊದಲ ವಾರದಲ್ಲಿಯೇ ಮನೆಯಿಂದ ಹತ್ತಿರದ ಕಿರಾಣಿ ಅಂಗಡಿಗೆ, ಎರಡನೆಯ ವಾರ ತರಕಾರಿಗೆ, ಅನಂತರ ಆಟೋದಲ್ಲಿ ಜಯದೇವ ವೃತ್ತದವರೆಗೆ. ಹೀಗೆ ಸುತ್ತಳತೆ ಸ್ವಲ್ಪ ಸ್ವಲ್ಪವೇ ಹಿಗ್ಗಲಿ. ಆದರೆ ಅದಕ್ಕೂ ಮೊದಲು ಒಂದು ಪಾಠ ಆಗಲೇಬೇಕು: ರಸ್ತೆ ದಾಟುವುದು. ಪೋಲೆಂಡಿನಲ್ಲಿ ವಾಹನಗಳು ರಸ್ತೆಯ ಬಲಗಡೆ ಚಲಿಸುತ್ತವೆ. ಅಲ್ಲಿ ಬೆಳೆದವರ ಕತ್ತು ತಾನಾಗಿಯೇ ಮೊದಲು ಎಡಕ್ಕೆ ತಿರುಗುತ್ತದೆ; ಇಲ್ಲಿ ಬಸ್ಸು ಬರುವುದು ಬಲದಿಂದ. ಜೊತೆಗೆ ಅಲ್ಲಿ ಜೀಬ್ರಾ ಪಟ್ಟೆಯ ಬಳಿ ಜನ ಕಂಡರೆ ವಾಹನ ನಿಲ್ಲಬೇಕೆಂಬ ಕಾನೂನಿದೆ, ನಿಲ್ಲುತ್ತದೆ ಎಂಬ ನಂಬಿಕೆ ಅವಳ ಮೈಯಲ್ಲಿಯೇ ಇರುತ್ತದೆ. ಆ ನಂಬಿಕೆಯನ್ನು ನಿಮ್ಮೂರಿನ ಹದಡಿ ರಸ್ತೆಗೆ ತರುವುದು ಅಪಾಯ. ಕೆಲವು ದಿನ ಜೊತೆಗೆ ನಡೆದು, ಬಲಕ್ಕೆ ನೋಡುವುದನ್ನು ರೂಢಿಮಾಡಿಸಿ.

ಎರಡನೆಯದು ಬೀದಿನಾಯಿ. ಕುಂದವಾಡ ಕೆರೆಯ ಏರಿಯ ಮೇಲೆ ಬೆಳಗಿನ ನಡಿಗೆ ಅವಳಿಗೆ ಖಂಡಿತ ಇಷ್ಟವಾಗುತ್ತದೆ, ಪಕ್ಕದ ಗಾಜಿನ ಮನೆಯೂ ಸೇರಿದರೆ ಒಳ್ಳೆಯ ತಿರುಗಾಟ. ಆದರೆ ಯೂರೋಪಿನಿಂದ ಬಂದವರಿಗೆ ನಾಯಿ ಕಂಡರೆ ಕೈಚಾಚಿ ಮುದ್ದಿಸುವ ಅಭ್ಯಾಸವಿರುತ್ತದೆ. ನಾಯಿ ಕಚ್ಚಿದರೂ, ಪರಚಿದರೂ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಆರಂಭಿಸಬೇಕು. ಇದನ್ನು ಹೆದರಿಸುವ ಧ್ವನಿಯಲ್ಲಿ ಹೇಳದೆ ಸ್ಪಷ್ಟವಾಗಿ ತಿಳಿಸಿ. ಹೆಪಟೈಟಿಸ್ ಎ ಮತ್ತು ಟೈಫಾಯ್ಡ್ ಲಸಿಕೆಗಳ ಬಗ್ಗೆ ಹೊರಡುವ ಮೊದಲೇ ಅಲ್ಲಿನ ವೈದ್ಯರನ್ನು ಕೇಳಿಕೊಂಡು ಬರಲಿ.

ವಿಳಾಸ ಹುಡುಕುವುದು ಅವಳಿಗೆ ದೊಡ್ಡ ಸಾಹಸವೇ ಆಗುತ್ತದೆ. ಅವಳ ಊರಿನಲ್ಲಿ ಬೀದಿಗೊಂದು ಹೆಸರು, ಮನೆಗೊಂದು ಸಂಖ್ಯೆ. ಅಷ್ಟಿದ್ದರೆ ಯಾರನ್ನೂ ಕೇಳದೆ ತಲುಪಬಹುದು. ನಾವು ಎಷ್ಟನೇ ಮೇನ್, ಎಷ್ಟನೇ ಕ್ರಾಸ್ ಎಂದು ಆರಂಭಿಸಿ, ಕೊನೆಗೆ ಯಾವುದೋ ದೇವಸ್ಥಾನದ ಎದುರು, ಯಾವುದೋ ಚಿತ್ರಮಂದಿರದ ಹಿಂದೆ ಎಂದು ಮುಗಿಸುತ್ತೇವೆ. ಮುಚ್ಚಿಹೋದ ಚಿತ್ರಮಂದಿರದ ಹೆಸರಿನಲ್ಲಿಯೂ ದಾರಿ ಹೇಳುತ್ತೇವೆ. ನಿಮ್ಮ ಮನೆಯ ವಿಳಾಸವನ್ನು, ಹತ್ತಿರದ ಗುರುತನ್ನೂ ಸೇರಿಸಿ, ಕನ್ನಡದಲ್ಲಿ ಬರೆದ ಒಂದು ಚೀಟಿ ಅವಳ ಚೀಲದಲ್ಲಿ ಸದಾ ಇರಲಿ. ಆಟೋ ಚಾಲಕರಿಗೆ ಅದು ಸಾಕು. ಗಡಿಯಾರ ಕಂಬ, ಗುಂಡಿ ವೃತ್ತ, ರಾಂ ಅಂಡ್ ಕೋ ವೃತ್ತ ಇವುಗಳನ್ನು ಅವಳ ಬಾಯಿಗೆ ಬರುವಂತೆ ಮಾಡಿಸಿ. ಇಂಥ ಕೆಲವು ಗುರುತುಗಳು ಬಂದರೆ ಊರು ಅರ್ಧ ಕೈಗೆ ಸಿಕ್ಕಂತೆ.

ಹಣದ ವಿಷಯ. ಪೋಲೆಂಡಿನಲ್ಲಿ ಬ್ಲಿಕ್ ಎಂಬ ಮೊಬೈಲ್ ಪಾವತಿ ಮನೆಮಾತು, ಆದ್ದರಿಂದ ನಮ್ಮ ಯುಪಿಐ ಅವಳಿಗೆ ಹೊಸದೆನಿಸುವುದಿಲ್ಲ. ಆದರೆ ಬ್ಯಾಂಕ್ ಖಾತೆ ಆಗುವವರೆಗೆ ಕೈಯಲ್ಲಿ ಚಿಲ್ಲರೆ ಇರಲೇಬೇಕು. ಒಂದು ಸೂಕ್ಷ್ಮ ಗಮನಿಸಿ: ಅಲ್ಲಿ ದಶಮಾಂಶಕ್ಕೆ ಚುಕ್ಕೆಯ ಬದಲು ಅಲ್ಪವಿರಾಮ ಬಳಸುತ್ತಾರೆ. 1,250 ಎಂಬ ಬೆಲೆಚೀಟಿ ಮೊದಲ ನೋಟಕ್ಕೆ ಅವಳಿಗೆ ಒಂದೂಕಾಲು ಎಂದು ಕಾಣಬಹುದು. ಲಕ್ಷ, ಕೋಟಿಯ ಅಲ್ಪವಿರಾಮಗಳಂತೂ ಪೂರ್ತಿ ಅಪರಿಚಿತ. ಕನ್ನಡ ಅಂಕಿಗಳ ಹೆಸರನ್ನು ಒಂದರಿಂದ ನೂರರವರೆಗೆ ಮೊದಲು ಕಲಿಸಿ, ನಮಸ್ಕಾರ ಶರಣುಗಳಿಗಿಂತ ಮೊದಲು. ಸಂತೆಯಲ್ಲಿ ತಾನೇ ಬೆಲೆ ಕೇಳಿ, ತಾನೇ ಲೆಕ್ಕ ಹಾಕಿ, ತಾನೇ ಚಿಲ್ಲರೆ ತಂದ ದಿನ ಅವಳ ಮುಖ ನೋಡಿ. ಅವಳು ಕಿಲೋಗೆ ಐದು ರೂಪಾಯಿ ಹೆಚ್ಚು ಕೊಟ್ಟು ಬಂದಿದ್ದರೆ ಆ ದಿನ ಮಾತ್ರ ದಯವಿಟ್ಟು ಅದನ್ನು ಹೇಳಬೇಡಿ.

ಕನ್ನಡ ಕಲಿಯುವ ವಿಷಯದಲ್ಲಿ ನನಗೆ ಬಹಳ ಭರವಸೆಯಿದೆ. ಇಂಗ್ಲಿಷ್ ಮಾತೃಭಾಷೆಯವರು ನಮ್ಮ ವಿಭಕ್ತಿ ಪ್ರತ್ಯಯಗಳನ್ನು ಕಂಡು ಬೆಚ್ಚುತ್ತಾರೆ. ಪೋಲಿಷ್ ಭಾಷೆಗೇ ಏಳು ವಿಭಕ್ತಿಗಳಿವೆ. ಪದದ ಕೊನೆ ಬದಲಾದರೆ ಅರ್ಥ ಬದಲಾಗುತ್ತದೆ ಎಂಬುದು ಅವಳಿಗೆ ಹುಟ್ಟಿನಿಂದ ಬಂದ ತಿಳಿವಳಿಕೆ. ಹಿರಿಯರನ್ನು, ಅಪರಿಚಿತರನ್ನು ಗೌರವದಿಂದ ಬೇರೆಯಾಗಿ ಸಂಬೋಧಿಸುವ ರೂಢಿಯೂ ಅವರಲ್ಲಿದೆ. ತೊಡಕಾಗುವುದು ಹ್ರಸ್ವ ದೀರ್ಘ, ಏಕೆಂದರೆ ಅವರ ಭಾಷೆಯಲ್ಲಿ ಸ್ವರದ ಉದ್ದಕ್ಕೆ ಬೆಲೆಯಿಲ್ಲ. ನಾಲಿಗೆ ಮಡಿಸಿ ನುಡಿಯುವ ಅಕ್ಷರಗಳಿಗೂ ಸಮಯ ಬೇಕು. ಮಗನಿಗೆ ಒಂದು ಮಾತು ಹೇಳಿ: ಎಲ್ಲ ಕಡೆ ದುಭಾಷಿಯಾಗಿ ನಿಲ್ಲಬೇಡ. ಅವನು ಪಕ್ಕದಲ್ಲಿದ್ದರೆ ತರಕಾರಿಯವರೂ ಅವನ ಮುಖ ನೋಡಿಯೇ ಮಾತನಾಡುತ್ತಾರೆ, ಅವಳು ಇದ್ದೂ ಇಲ್ಲದಂತಾಗುತ್ತಾಳೆ. ನೀವು ಅತ್ತೆ, ನಿಮಗೆ ಇಂಗ್ಲಿಷ್ ಹೆಚ್ಚು ಬಾರದೆಂದು ಸಂಕೋಚ ಪಡಬೇಡಿ. ಸೊಪ್ಪು ಬಿಡಿಸುತ್ತಾ ಎದುರು ಕೂತ ಅತ್ತೆಗಿಂತ ಒಳ್ಳೆಯ ಕನ್ನಡ ಮೇಷ್ಟ್ರು ಸಿಗುವುದಿಲ್ಲ.

ಸೊಪ್ಪಿನ ಮಾತು ಬಂತು, ಊಟಕ್ಕೆ ಬರುತ್ತೇನೆ. ಪಿಜ್ಜಾ, ಪಾಸ್ತಾ ಕಲಿಯಲು ಹೊರಟಿದ್ದರೆ ಬಿಡಿ. ಅವಳ ಊರಿನ ಅಡುಗೆಗೆ ಬೇಕಾದ ಎಷ್ಟೋ ಪದಾರ್ಥ ನಿಮ್ಮ ಸಂತೆಯಲ್ಲಿಯೇ ಇದೆ. ಸಬ್ಬಸಿಗೆ ಸೊಪ್ಪು ಪೋಲೆಂಡಿನಲ್ಲಿ ಕೊತ್ತಂಬರಿಯ ಹಾಗೆ ಎಲ್ಲದಕ್ಕೂ ಬೀಳುತ್ತದೆ. ಬೇಯಿಸಿದ ಎಳೆಯ ಆಲೂಗಡ್ಡೆಗೆ ಬೆಣ್ಣೆ ಸವರಿ, ಸಬ್ಬಸಿಗೆ ಉದುರಿಸಿ, ಪಕ್ಕಕ್ಕೆ ಒಂದು ಲೋಟ ಮಜ್ಜಿಗೆ ಇಡುವುದು ಅಲ್ಲಿ ಬೇಸಿಗೆಯ ಮಧ್ಯಾಹ್ನದ ಊಟ. ಇದನ್ನು ಮೊದಲ ರಾತ್ರಿಯೇ ಮಾಡಿಕೊಡಿ, ಹಸಿಮೆಣಸಿನಕಾಯಿ ಹಾಕದೆ. ಬೀಟ್ರೂಟ್ ಸಾರು ಅವರ ಹಬ್ಬದ ಅಡುಗೆ. ಸೌತೆಕಾಯಿಯನ್ನು ಉಪ್ಪುನೀರಿನಲ್ಲಿ ಸಬ್ಬಸಿಗೆ, ಬೆಳ್ಳುಳ್ಳಿಯೊಡನೆ ಹುಳಿ ಬರಿಸಿ ಉಪ್ಪಿನಕಾಯಿ ಹಾಕುತ್ತಾರೆ. ಹಾಲು ಒಡೆಸಿ ಮಾಡುವ ಪನೀರಿನಂಥ ಗಿಣ್ಣು ಆಲೂಗಡ್ಡೆಯೊಡನೆ ಸೇರಿ, ನಮ್ಮ ಕಡುಬಿನಂತೆ ಹಿಟ್ಟಿನೊಳಗೆ ಹೂರಣವಾಗುತ್ತದೆ. ಪಿಯೆರೋಗಿ ಎಂಬ ತಿನಿಸಿನ ಈ ಬಗೆಯ ಹೂರಣದಲ್ಲಿ ಮಾಂಸವಿಲ್ಲ. ನನಗೆ ಇವೆಲ್ಲಕ್ಕಿಂತ ಹೆಚ್ಚು ಸಂತೋಷ ಕೊಡುವುದು ಬರಗು. ದಾವಣಗೆರೆ, ಚಿತ್ರದುರ್ಗದ ಒಣಭೂಮಿಯವರು ನವಣೆ, ಸಾಮೆಗಳೊಡನೆ ಬಲ್ಲ ಅದೇ ಬರಗು ಪೋಲೆಂಡಿನಲ್ಲಿ ಗಂಜಿಯಾಗಿ, ಹಾಲಿನೊಡನೆ ಬೆಳಗಿನ ತಿಂಡಿಯಾಗಿ ಇಂದಿಗೂ ನಡೆಯುತ್ತಿದೆ. ಸಿರಿಧಾನ್ಯದ ಅಂಗಡಿಯಿಂದ ಒಂದು ಕಿಲೋ ತಂದಿಟ್ಟುಕೊಳ್ಳಿ. ಅವಳಿಗೆ ಅದನ್ನು ಗುರುತಿಸಲು ಯಾರೂ ಹೇಳಿಕೊಡಬೇಕಾಗಿಲ್ಲ.

ಖಾರವನ್ನು ನಿಧಾನವಾಗಿ ಪರಿಚಯಿಸಿ. ಬೆಣ್ಣೆ ದೋಸೆಯಿಂದ ಆರಂಭಿಸಿದರೆ ಸೋಲುವ ಪ್ರಶ್ನೆಯೇ ಇಲ್ಲ. ಚಟ್ನಿ ಸ್ವಲ್ಪ ಬದಿಗಿರಲಿ, ಆಲೂಗಡ್ಡೆ ಪಲ್ಯ ಸಾಕು. ಸಂಜೆ ಮಂಡಕ್ಕಿ ಕೊಡಿ, ಮಿರ್ಚಿಯನ್ನು ಅವಳೇ ಕೇಳುವವರೆಗೆ ಕಾಯಿರಿ. ಊಟದ ಹೊತ್ತೂ ಬೇರೆ. ಅವರ ಮುಖ್ಯ ಊಟ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ, ಸಂಜೆ ಬೇಗ ಲಘು ಆಹಾರ. ರಾತ್ರಿ ಒಂಬತ್ತೂವರೆಗೆ ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿ ‘ಇನ್ನೊಂದು, ಇನ್ನೊಂದು’ ಎಂದು ಒತ್ತಾಯಿಸಿದರೆ ಅವಳು ಮರ್ಯಾದೆಗೆ ತಿಂದು ರಾತ್ರಿಯೆಲ್ಲ ಒದ್ದಾಡುತ್ತಾಳೆ. ಸಾಕು ಎಂದಾಗ ಸಾಕು ಮಾಡಿ. ಇದು ನಮ್ಮ ಕಡೆಯ ತಾಯಂದಿರಿಗೆ ಎಷ್ಟು ಕಷ್ಟವೆಂದು ಬಲ್ಲೆ.

ಮಾಂಸಾಹಾರದ ವಿಷಯವನ್ನು ಅವಳು ವಿಮಾನ ಹತ್ತುವ ಮೊದಲೇ ಬಾಯಿಬಿಟ್ಟು ಮಾತನಾಡಿ. ಪೋಲೆಂಡಿನ ಊಟದಲ್ಲಿ ಮಾಂಸಕ್ಕೆ ದೊಡ್ಡ ಸ್ಥಾನವಿದೆ. ನಿಮ್ಮ ಮನೆಯ ನಿಯಮ ಏನು, ಮೇಲ್ಮಹಡಿಯ ಅಡುಗೆಮನೆಯಲ್ಲಿ ಮೊಟ್ಟೆ ನಡೆಯುತ್ತದೆಯೇ, ಹೊರಗೆ ತಿಂದು ಬಂದರೆ ನಿಮಗೆ ಬೇಸರವೇ ಎಂಬುದನ್ನು ಸ್ಪಷ್ಟವಾಗಿ ಹೇಳಿ. ಹೇಳಿದ ನಿಯಮವನ್ನು ವಿದೇಶಿಯರು ಸಾಮಾನ್ಯವಾಗಿ ಗೌರವದಿಂದ ಪಾಲಿಸುತ್ತಾರೆ. ಹೇಳದೆ ಮುಖ ಸಪ್ಪಗೆ ಮಾಡಿಕೊಂಡರೆ ಅವರಿಗೆ ಅರ್ಥವಾಗುವುದಿಲ್ಲ. ನನ್ನ ಅಭಿಪ್ರಾಯ ಕೇಳುವುದಾದರೆ, ಮನೆಯೊಳಗೆ ನಿಮ್ಮ ಪದ್ಧತಿ ನಡೆಯಲಿ, ಹೊರಗೆ ಅವಳ ತಟ್ಟೆಯ ಬಗ್ಗೆ ಪ್ರಶ್ನೆ ಬೇಡ.

ಮನೆಯ ಏರ್ಪಾಡಿನಲ್ಲಿ ಎರಡು ಮಾತು. ಮೇಲ್ಮಹಡಿ ಎಂದಿರಿ. ನವೆಂಬರಿನಲ್ಲಿ ಅದು ಸ್ವರ್ಗ, ಏಪ್ರಿಲ್ ಹೊತ್ತಿಗೆ ತಾರಸಿಯ ಕಾವು ಇಡೀ ರಾತ್ರಿ ಇಳಿಯುವುದಿಲ್ಲ. ಯೂರೋಪಿನಲ್ಲಿ ಬಿಸಿಲು ಹೆಚ್ಚುವುದು ಜುಲೈ ಆಗಸ್ಟಿನಲ್ಲಿ. ಮಾರ್ಚಿನಲ್ಲಿಯೇ ಬೇಸಿಗೆ ಮುಗಿಬೀಳುತ್ತದೆಂದು ಅವಳು ಎಣಿಸಿರುವುದಿಲ್ಲ. ಫೆಬ್ರುವರಿಯೊಳಗೆ ತಾರಸಿಗೆ ಬಿಸಿಲು ತಡೆಯುವ ಬಿಳಿ ಬಣ್ಣ ಬಳಿಸಿ, ಕೂಲರೋ ಏಸಿಯೋ ಒಂದು ವ್ಯವಸ್ಥೆ ಮಾಡಿ. ವಿದ್ಯುತ್ತು ಎರಡೂ ಕಡೆ 230 ವೋಲ್ಟ್, ಆದ್ದರಿಂದ ಅವಳ ಉಪಕರಣಗಳಿಗೆ ಪ್ಲಗ್ ಅಡಾಪ್ಟರ್ ಇದ್ದರೆ ಸಾಕು. ನೀರು ಮಾತ್ರ ಹೊಸ ವಿದ್ಯೆ. ಗೋಡೆಯೊಳಗಿನ ಕೊಳವೆಯಲ್ಲಿ ದಿನದ ಇಪ್ಪತ್ನಾಲ್ಕು ಗಂಟೆಯೂ ನೀರು ಕಂಡವರಿಗೆ ಸಂಪು, ಮೇಲಿನ ಟ್ಯಾಂಕು, ಮೋಟಾರು, ನಲ್ಲಿ ಬರುವ ದಿನ, ಕುಡಿಯುವ ನೀರು ಬೇರೆ ಬಳಸುವ ನೀರು ಬೇರೆ ಎಂಬ ಲೆಕ್ಕ ಒಂದೂ ಗೊತ್ತಿರುವುದಿಲ್ಲ. ಒಮ್ಮೆ ಜೊತೆಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ತೋರಿಸಿ, ಮೋಟಾರು ಹಾಕಿ ಆರಿಸುವ ಕೆಲಸವನ್ನು ಅವಳಿಗೇ ಒಪ್ಪಿಸಿ. ಮನೆಯ ಒಂದು ಹೊಣೆ ತನ್ನ ಕೈಯಲ್ಲಿದೆ ಎಂಬ ಭಾವನೆ ಅವಳಿಗೆ ಇಂಥ ಕೆಲಸದಿಂದಲೇ ಬರುತ್ತದೆ.

ಅವಳ ಕೋಣೆಯ ಬಾಗಿಲು ಮುಚ್ಚಿದ್ದರೆ ಅದನ್ನು ಮುನಿಸೆಂದು ತಿಳಿಯಬೇಡಿ. ಒಂದಿಷ್ಟು ಹೊತ್ತು ಒಬ್ಬಳೇ ಇರುವುದು ಅವಳಿಗೆ ವಿಶ್ರಾಂತಿ. ಬಡಿದು, ಉತ್ತರ ಬಂದ ಮೇಲೆ ಒಳಗೆ ಹೋಗುವ ಅಭ್ಯಾಸವನ್ನು ಮನೆಯ ಮಕ್ಕಳಿಗೂ ಕಲಿಸಿ. ನೋಡಲು ಬರುವ ನೆಂಟರು ಸಂಬಳ ಎಷ್ಟು, ಮಗು ಯಾವಾಗ, ಕೂದಲು ನಿಜವಾದದ್ದೇ ಎಂದೆಲ್ಲ ಕೇಳುತ್ತಾರೆ. ಅಕ್ಕರೆಯಿಂದಲೇ ಕೇಳುತ್ತಾರೆ, ಆದರೆ ಆ ಪ್ರಶ್ನೆಗಳಿಗೆ ಅಡ್ಡ ನಿಲ್ಲುವ ಕೆಲಸ ನಿಮ್ಮದು. ಬೀದಿಯಲ್ಲಿ ಸೆಲ್ಫಿ ಕೇಳುವವರಿಗೆ ‘ಬೇಡ’ ಎನ್ನುವ ಹಕ್ಕು ಅವಳಿಗಿದೆ ಎಂದು ನೀವೇ ಹೇಳಿಕೊಡಿ. ಚಪ್ಪಲಿ ಹೊರಗೆ ಬಿಡುವುದನ್ನು ಮಾತ್ರ ಕಲಿಸಬೇಕಾಗಿಲ್ಲ, ಪೋಲೆಂಡಿನ ಮನೆಗಳಲ್ಲಿಯೂ ಹೊರಗಿನ ಪಾದರಕ್ಷೆ ಬಾಗಿಲಲ್ಲಿಯೇ ನಿಲ್ಲುತ್ತದೆ.

ಊರಿನ ನೆನಪು ಕಾಡುವುದು ಖಂಡಿತ, ಮೊದಲ ಸಲ ಕಾಡುವ ದಿನಾಂಕವನ್ನೂ ಹೇಳಬಲ್ಲೆ: ಡಿಸೆಂಬರ್ 24. ಪೋಲೆಂಡಿನಲ್ಲಿ ಕ್ರಿಸ್‌ಮಸ್‌ನ ಹಿಂದಿನ ಸಂಜೆಯೇ ವರ್ಷದ ಅತಿ ದೊಡ್ಡ ಕುಟುಂಬದ ಊಟ. ಮೊದಲ ನಕ್ಷತ್ರ ಕಂಡ ಮೇಲೆ ಊಟಕ್ಕೆ ಕೂರುತ್ತಾರೆ. ಸಂಪ್ರದಾಯದಂತೆ ಹನ್ನೆರಡು ಬಗೆಯ ಅಡುಗೆ, ಮೀನು ಇರುತ್ತದೆಯಾದರೂ ಮಾಂಸವಿಲ್ಲ. ಕರೆಯದೆ ಬರುವ ಅತಿಥಿಗಾಗಿ ಮೇಜಿನ ಮೇಲೆ ಒಂದು ತಟ್ಟೆ ಖಾಲಿ ಇಟ್ಟಿರುತ್ತಾರೆ. ಮೀನನ್ನು ಬಿಟ್ಟರೆ ಇದರಲ್ಲಿ ನಿಮ್ಮ ಅಡುಗೆಮನೆಗೆ ಆಗದ್ದು ಯಾವುದೂ ಇಲ್ಲ. ಆ ಸಂಜೆಯನ್ನು ಅವಳ ಕೈಗೆ ಕೊಟ್ಟುಬಿಡಿ: ಅವಳು ಹೇಳಲಿ, ನೀವು ಹೆಚ್ಚಿಕೊಡಿ, ಬೀಟ್ರೂಟ್ ಸಾರಿನ ಪಕ್ಕದಲ್ಲಿ ನಿಮ್ಮ ಹೋಳಿಗೆಯೂ ಇರಲಿ. ಚಳಿಗಾಲದಲ್ಲಿ ಅವರ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ನೀವು ಊಟ ಮುಗಿಸಿ ರಾತ್ರಿ ಒಂಬತ್ತೂವರೆಗೆ ವಿಡಿಯೊ ಕರೆ ಮಾಡಿದರೆ ಅಲ್ಲಿ ಸಂಜೆ ಐದು, ಅವಳ ತಾಯಿ ಮೇಜಿನ ಬಳಿ ಇರುತ್ತಾರೆ. ಆ ಕರೆಯಲ್ಲಿ ನೀವೂ ಕುಳಿತುಕೊಳ್ಳಿ, ಭಾಷೆ ಬಾರದಿದ್ದರೂ.

ಕೊನೆಯ ಪ್ರಶ್ನೆ, ಆರತಕ್ಷತೆ. ಮೂರನೆಯ ದಿನ ಬೇಡ. ಹಗಲು ರಾತ್ರಿಯ ಲೆಕ್ಕ ತಪ್ಪಿದ ದೇಹ, ನೀರು ಬದಲಾದ ಹೊಟ್ಟೆ, ಯಾರು ಚಿಕ್ಕಪ್ಪ ಯಾರು ಸೋದರಮಾವ ಎಂದು ತಿಳಿಯದ ಗೊಂದಲ. ಇವನ್ನು ಹೊತ್ತು ನೂರಾರು ಜನರ ಮುಂದೆ ರೇಷ್ಮೆ ಸೀರೆಯಲ್ಲಿ ಗಂಟೆಗಟ್ಟಲೆ ನಿಲ್ಲುವುದು ಯಾರಿಗೂ ಆಗದ ಕೆಲಸ. ಫೆಬ್ರುವರಿಗೆ ಮುಂದೂಡಿ. ಅಷ್ಟರಲ್ಲಿ ಹತ್ತಿರದ ನೆಂಟರ ಮನೆಗಳಿಗೆ ಒಂದೊಂದಾಗಿ ಹೋಗಿ ಬಂದಿರುತ್ತಾಳೆ, ಮುಖಗಳು ಹೆಸರುಗಳಾಗಿರುತ್ತವೆ, ನಾಲ್ಕು ಮಾತು ಕನ್ನಡವೂ ಬಂದಿರುತ್ತದೆ. ಮುಂದೂಡುವುದರಿಂದ ಇನ್ನೊಂದು ಅನುಕೂಲವಿದೆ: ಅವಳ ತಂದೆ ತಾಯಿಯೂ ಬರಬಹುದು. ಪೋಲೆಂಡಿನವರಿಗೆ ಭಾರತದ ಪ್ರವಾಸಿ ಇ-ವೀಸಾ ಸೌಲಭ್ಯವಿದೆ, ಆ ವೀಸಾದಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿಯೇ ಇಳಿಯಬಹುದು, ಬೆಂಗಳೂರು ನಗರದಿಂದ ದಾವಣಗೆರೆಗೆ ರೈಲಿದೆ. ಛತ್ರ ಗೊತ್ತುಮಾಡುವ ಮೊದಲು ಅವರಿಗೆ ಯಾವ ವಾರ ಬಿಡುವೆಂದು ಕೇಳಿ, ಮುಹೂರ್ತವನ್ನು ಅದರೊಳಗೆ ಹುಡುಕಿಸಿ.